ದಿನಾ ಸೇತುವೆ ದಾಟುವ ಪ್ರವಾಸಿಗರು

ನಮ್ಮ ಅಂಕಿಅಂಶ ಕಚೇರಿಯಲ್ಲಿ ಅವರನ್ನು ಎದುರಿಗೆ ಅಕ್ಕ ಎನ್ನುತ್ತಿದ್ದೆವು, ಬೆನ್ನ ಹಿಂದೆ ಅನುಮಾನದಕ್ಕ. ದೇಶದ ಒಟ್ಟು ಆದಾಯದಲ್ಲಿ ಪ್ರವಾಸಿಗರಿಂದ ಬಂದದ್ದು ನೂರಕ್ಕೆ ಎಷ್ಟು ಪಾಲು ಎಂದು ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಹೇಳುವ ವಿಭಾಗ ಅವರದು. ವಿಭಾಗವೆಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಎರಡನೇ ಮಹಡಿಯ ಮೂಲೆ ಕೋಣೆ, ಎರಡು ಮೇಜು, ಬಾಗಿಲು ನೆಟ್ಟಗೆ ಮುಚ್ಚದ ಒಂದು ಬೀರು, ಅಕ್ಕ ಮತ್ತು ನಾನು. ಹನ್ನೊಂದು ವರ್ಷ ಅವರ ಎದುರು ಕೂತು ಬೈಸಿಕೊಂಡಿದ್ದೇನೆ.

ಅವರ ಅನುಮಾನ ಮನೆಯವರನ್ನೂ ಬಿಟ್ಟಿರಲಿಲ್ಲ. "ನಮ್ಮ ಮದುವೆಗೆ ಎಷ್ಟು ಜನ ಬಂದಿದ್ರು ಅನ್ನೋದು ಇವಳಿಗೆ ಇವತ್ತಿಗೂ ಒಪ್ಪಿಗೆ ಇಲ್ಲ ಕಣಪ್ಪ" ಎಂದು ಅವರ ಯಜಮಾನರು ನಗುತ್ತಿದ್ದರು. "ನಮ್ಮ ಚಿಕ್ಕಪ್ಪ ಎರಡು ಸಲ ಊಟಕ್ಕೆ ಕೂತಿದ್ದನಂತೆ. ಅವನನ್ನ ಒಂದೇ ಅಂತ ಹಿಡೀಬೇಕಂತೆ." ಯಜಮಾನರು ಬಸ್ ಡ್ರೈವರ್ ಆಗಿದ್ದವರು, ಎರಡೂ ಮೊಣಕಾಲು ಕೈಕೊಟ್ಟಿದ್ದವು. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ವಾರಕ್ಕೊಮ್ಮೆ ಹಲ್ಲು ಕಚ್ಚಿಕೊಂಡು ಕೆಳಗಿಳಿಯುತ್ತಿದ್ದರು. ಅಕ್ಕನ ನಿವೃತ್ತಿಗೆ ಮೂರು ತಿಂಗಳಿತ್ತು. ಆ ಹಣ ಕೈಗೆ ಬಂದ ಕೂಡಲೇ ಅದೇ ಬೀದಿಯ ನೆಲಮಹಡಿಯ ಮನೆಯೊಂದಕ್ಕೆ ಹೋಗುವುದೆಂದು ಗಂಡಹೆಂಡತಿ ಮಾತಾಡಿ ಮುಗಿಸಿದ್ದರು. ಬಾಗಿಲ ಮುಂದೆ ತಮ್ಮ ಕುರ್ಚಿ ಎಲ್ಲಿ ಹಾಕಬೇಕು ಎನ್ನುವುದನ್ನೂ ಯಜಮಾನರು ನೋಡಿಟ್ಟಿದ್ದರು.

ಅಕ್ಕನದೊಂದು ಪದ್ಧತಿ ಇತ್ತು. ಲೆಕ್ಕವೆಲ್ಲ ಮುಗಿದ ಮೇಲೆ, ಸಂಖ್ಯೆ ಹೊರಬೀಳುವ ಮುಂಚೆ, ಪೇಟೆಯ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯವನಿಗೆ ಫೋನ್ ಮಾಡಿ ಆ ವರ್ಷ ಎಷ್ಟು ಚಾದರ ಒಗೆದೆ ಎಂದು ಕೇಳುತ್ತಿದ್ದರು. ಯಾವ ಸುತ್ತೋಲೆಯಲ್ಲೂ ಇದಿಲ್ಲ. "ಜನ ಮರೀತಾರೆ, ಜಂಬ ಕೊಚ್ಕೋತಾರೆ. ಆದ್ರೆ ಮಲಗಿ ಎದ್ದ ಮೇಲೆ ಚಾದರ ಒಗೀಲೇಬೇಕಲ್ಲ?" ಎನ್ನುವರು. ನಾವು ಮುಸಿಮುಸಿ ನಗುತ್ತಿದ್ದೆವು.

ಆ ವರ್ಷ ನಮ್ಮ ಸಂಖ್ಯೆ ಒಮ್ಮೆಲೇ ಆರರಿಂದ ಎಂಟಕ್ಕೆ ಜಿಗಿದಿತ್ತು. ಮಂತ್ರಿಗಳು ಅದನ್ನು ಸೋಮವಾರ ಹನ್ನೊಂದು ಗಂಟೆಗೆ ಪತ್ರಕರ್ತರ ಮುಂದೆ ಹೇಳುವವರಿದ್ದರು. ಭಾಷಣ ಅಚ್ಚಾಗಿತ್ತು. ಲಾಂಡ್ರಿಯವನೊಬ್ಬ ಮಾತ್ರ ಕೈಗೆ ಸಿಕ್ಕಿರಲಿಲ್ಲ, ಮಗಳ ಹೆರಿಗೆಗೆಂದು ಹೋದವನು ಸೋಮವಾರ ಬೆಳಿಗ್ಗೆಯಷ್ಟೇ ವಾಪಸಾಗಿದ್ದ. ಏಳು ಗಂಟೆಗೆ ನನ್ನ ಫೋನ್ ಹೊಡೆದುಕೊಂಡಿತು.

"ಚಾದರ ಹೆಚ್ಚಾಗಿಲ್ಲ ಕಣೋ" ಎಂದರು ಅಕ್ಕ. "ಹೋದ ವರ್ಷಕ್ಕಿಂತ ಒಂದಿಷ್ಟು ಕಮ್ಮೀನೇ ಇದೆ. ಹಾಗಾದ್ರೆ ನಮ್ಮ ಹೊಸ ಜನ ಎಲ್ಲಿ ಮಲಗಿದ್ರು? ಗಡಿ ಸೇತುವೆ ಹತ್ರ ಬಾ. ಹೆಚ್ಚಾಗಿರೋದೆಲ್ಲ ಅಲ್ಲಿಂದ ಬಂದವರೇ."

ಸೇತುವೆ ಎಂದ ಕೂಡಲೇ ನಾನು ಹಾಸಿಗೆಯಿಂದ ಎದ್ದು ನಿಂತೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಸೇತುವೆಯ ಆಚೆ ದಡ ಬೇರೆ ದೇಶ. ಈಚೆ ತುದಿಯಲ್ಲಿ ನಮ್ಮ ಎಣಿಕೆಯವನು ಸ್ಟೂಲಿನ ಮೇಲೆ ಕೂತು, ದಾಟಿ ಬಂದ ಪ್ರತಿಯೊಬ್ಬರಿಗೂ ಅಂಗೈಯಲ್ಲಿರುವ ಪುಟ್ಟ ಯಂತ್ರದ ಗುಂಡಿ ಒತ್ತುತ್ತಾನೆ. ಇಪ್ಪತ್ತು ಜನರಲ್ಲಿ ಒಬ್ಬರನ್ನು ನಿಲ್ಲಿಸಿ ನಮೂನೆ ತುಂಬಿಸುತ್ತಾನೆ. ನಾನು ಹೋಗುವಷ್ಟರಲ್ಲಿ ಅಕ್ಕ ಅವನ ಪಕ್ಕ ಕಂಬಕ್ಕೊರಗಿ ನಿಂತಿದ್ದರು. ಗುಂಪುಗುಂಪಾಗಿ ಹೆಂಗಸರು ಬರುತ್ತಿದ್ದರು. ಕೈಯಲ್ಲಿ ಊಟದ ಡಬ್ಬಿ, ಕಾಲಲ್ಲಿ ರಬ್ಬರ್ ಚಪ್ಪಲಿ, ಬೀಸುನಡಿಗೆ. ಊರು ನೋಡಲು ಬಂದವರು ಯಾರೂ ಹಾಗೆ ನಡೆಯುವುದಿಲ್ಲ. ಗುಂಡಿ ಟಕ್ ಟಕ್ ಎನ್ನುತ್ತಲೇ ಇತ್ತು.

ಅಕ್ಕ ಒಬ್ಬಾಕೆಯನ್ನು ತಡೆದು ನಿಲ್ಲಿಸಿದರು. "ಇವರು ನಿಮ್ಮನ್ನ ಯಾವತ್ತಾದ್ರೂ ಪ್ರಶ್ನೆ ಕೇಳಿದ್ದಾರಾ?"

"ಕೇಳದೆ ಏನಮ್ಮ? ಎಲ್ಲಿಗೆ ಅಂತಾರೆ, ಹೋಟೆಲಿಗೆ ಅಂತೀನಿ. ಬರ್ಕೋತಾರೆ. ಮೊದ್ಲು ವಾರಕ್ಕೆ ಎಷ್ಟು ಸಲ ಬರ್ತೀರಿ ಅಂತಲೂ ಕೇಳೋರು. ಈಗ ಅದನ್ನ ಕೇಳಲ್ಲ."

"ಹೋಟೆಲಲ್ಲಿ ಏನು ಮಾಡ್ತೀರಿ?"

"ಹಾಸಿಗೆ ಸರಿ ಮಾಡೋದು, ಚಾದರ ಬದಲಾಯಿಸೋದು. ಹೊತ್ತಾಯ್ತು, ಬರ್ಲಾ?"

ಅಕ್ಕ ಎಣಿಕೆಯವನ ಕೈಯಿಂದ ನಮೂನೆ ತೆಗೆದುಕೊಂಡು ನೋಡಿದರು. ದಿನಾ ಕೆಲಸಕ್ಕೆ ದಾಟುವವರು ಪ್ರವಾಸಿಗರಲ್ಲ, ನಮ್ಮ ಲೆಕ್ಕದ ಮೊದಲ ಪಾಠವೇ ಅದು. ಅವರನ್ನು ಬೇರೆ ಮಾಡುತ್ತಿದ್ದದ್ದು ಆ ಒಂದೇ ಪ್ರಶ್ನೆ. ಸೇತುವೆಯ ಮೇಲೆ ಸಾಲು ಕರಗುತ್ತಿಲ್ಲ ಎಂದು ದೂರು ಬಂದಾಗ, ನಮೂನೆಯನ್ನು ಚಿಕ್ಕದು ಮಾಡಿ ಆ ಪ್ರಶ್ನೆಯನ್ನು ಕಿತ್ತುಹಾಕಿದವರು ಅಕ್ಕ. ಆದೇಶದ ಕೆಳಗೆ ಅವರದೇ ಸಹಿ ಇತ್ತು. ಹಾಸಿಗೆ ಹಾಸುವವರನ್ನೇ ನಾವು ವರ್ಷವಿಡೀ ಅದೇ ಹಾಸಿಗೆಯ ಮೇಲೆ ಮಲಗಿಸಿ ಲೆಕ್ಕ ಹಿಡಿದಿದ್ದೆವು.

ವಾಪಸ್ ಬಸ್ಸು ಹತ್ತಿದಾಗ ಒಂಬತ್ತು ಕಾಲು. ಸಿಗ್ನಲಿನಲ್ಲಿ ನಿಂತ ಬಸ್ಸು ಅಲುಗಲೊಲ್ಲದು. ನಾನು ತಗ್ಗಿದ ದನಿಯಲ್ಲಿ ಹೇಳಿದೆ: "ಅಕ್ಕ, ಸುಮ್ಮನಿದ್ದುಬಿಡಿ. ಮುಂದಿನ ವರ್ಷ ಆ ಪ್ರಶ್ನೆ ವಾಪಸ್ ಸೇರಿಸಿದ್ರಾಯ್ತು. ಯಾರಿಗೂ ಗೊತ್ತಾಗಲ್ಲ. ಇನ್ನು ಮೂರೇ ತಿಂಗಳು."

ಅಕ್ಕ ಚೀಲದಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಏನೋ ಬರೆಯತೊಡಗಿದರು. ಬರೆದು ಮುಗಿಸಿ ಮನೆಗೆ ಫೋನ್ ಮಾಡಿದರು. "ರೀ, ನಿಮ್ಮ ಕುರ್ಚಿ ಇನ್ನೂ ಸ್ವಲ್ಪ ದಿನ ಮೇಲೇ ಇರಬೇಕಾಗಬಹುದು." ಆ ಕಡೆಯಿಂದ ಯಜಮಾನರ ದೊಡ್ಡ ಗಂಟಲು ನನಗೂ ಕೇಳಿಸಿತು: "ಯಾಕೆ, ಚಿಕ್ಕಪ್ಪನ್ನ ಎರಡು ಸಲ ಎಣಿಸಿಬಿಟ್ಯಾ?" ಅಕ್ಕ ನಗಲು ಹೋದರು, ನಗು ಬರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು.

ನಿರ್ದೇಶಕರ ಕೋಣೆಗೆ ಹೋದಾಗ ಹತ್ತು ಇಪ್ಪತ್ತು. ಮೇಜಿನ ಮೇಲೆ ಅಚ್ಚಾದ ಭಾಷಣ, ಅದರಲ್ಲಿ ದಪ್ಪಕ್ಷರದ ಎಂಟು. ಅಕ್ಕ ನಿಂತುಕೊಂಡೇ ಎಲ್ಲ ಹೇಳಿದರು. ನಿರ್ದೇಶಕರು ಕೆಟ್ಟವರಲ್ಲ, ಆದರೆ ಆಗ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು.

"ಸರಿಯಾದ ಸಂಖ್ಯೆ ಎಷ್ಟು?"

"ಆರು ದಾಟಲ್ಲ ಸಾರ್."

"ಇನ್ನು ನಲವತ್ತು ನಿಮಿಷ ಇದೆ. ಈಗ ಬಂದು ಹೇಳ್ತೀರಲ್ಲಮ್ಮ! ಆ ಪ್ರಶ್ನೆ ತೆಗೆದಿದ್ಯಾರು?"

"ನಾನು."

"ವಿಚಾರಣೆ ಆಗುತ್ತೆ. ನಿವೃತ್ತಿ ಹಣ ತಡೆ ಹಿಡೀತಾರೆ. ಗೊತ್ತಲ್ಲ? ಬರೆದು ಕೊಡ್ತೀರಾ?"

"ಬರೆದೇ ತಂದಿದ್ದೀನಿ" ಎಂದು ಬಸ್ಸಿನಲ್ಲಿ ಬರೆದ ಹಾಳೆಯನ್ನು ಮುಂದಿಟ್ಟರು.

ನಿರ್ದೇಶಕರು ಅದನ್ನು ಎರಡು ಸಲ ಓದಿದರು. "ಬೇರೆ ಯಾರಿಗಾದ್ರೂ ಇದು ಮುಂಚೆ ಗೊತ್ತಿತ್ತಾ?"

ಗೊತ್ತಿತ್ತು. ನನಗೆ ಗೊತ್ತಿತ್ತು. ಸೇತುವೆಯ ನಮೂನೆಗಳ ಮೇ ತಿಂಗಳ ಪಟ್ಟಿಯಲ್ಲಿ ಹೋಟೆಲಿಗೆ ಹೋಗುವವರೆಲ್ಲ ಹೆಂಗಸರೇ, ದಾಟಿದ್ದೆಲ್ಲ ಬೆಳಗ್ಗೆ ಎಂಟರ ಆಸುಪಾಸಿನಲ್ಲೇ ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು. ಸಂಖ್ಯೆ ಏರುತ್ತಿತ್ತು, ಎಲ್ಲರೂ ಬೆನ್ನು ತಟ್ಟುತ್ತಿದ್ದರು, ನನಗ್ಯಾಕೆ ಊರ ಉಸಾಬರಿ ಎಂದು ತುಟಿ ಹೊಲಿದುಕೊಂಡಿದ್ದೆ. ಈಗಲೂ ಭಾಷಣದ ಆ ಎಂಟನ್ನೇ ನೋಡುತ್ತ ನಿಂತೆ. ಅಕ್ಕ ನನ್ನತ್ತ ಒಮ್ಮೆ ನೋಡಿದರು.

"ಇಲ್ಲ ಸಾರ್. ಯಾರಿಗೂ ಗೊತ್ತಿರಲಿಲ್ಲ."

ನಿರ್ದೇಶಕರು ಫೋನೆತ್ತಿ ಮಂತ್ರಿಗಳ ಕಚೇರಿಗೆ ಹಚ್ಚಿದರು. ನಾವು ಹೊರಗೆ ಬಂದೆವು. ಬಾಗಿಲಾಚೆಯಿಂದ "ಆಗಲ್ಲ ಸಾರ್, ಇವತ್ತು ಆಗಲ್ಲ" ಎಂಬ ದನಿ ಕೇಳುತ್ತಿತ್ತು. ಮೆಟ್ಟಿಲ ಹತ್ತಿರ ಅಕ್ಕ ನಿಂತರು.

"ಮೇ ತಿಂಗಳ ಪಟ್ಟಿ ಅಂಚಲ್ಲಿ ನಿನ್ನದೊಂದು ಪ್ರಶ್ನಾರ್ಥಕ ಗುರುತಿತ್ತು. ಪಟ್ಟಿ ನನ್ನ ಚೀಲದಲ್ಲೇ ಇತ್ತು, ಬೆಳಿಗ್ಗೆ ನೋಡಿದೆ. ಅಳಿಸಿದ್ದೀನಿ."

"ಅಕ್ಕ, ನಾನು..."

"ಯಾರಾದ್ರೂ ಕೇಳಿದ್ರೆ ಅಳಿಸೋಕೆ ಸುಲಭ ಆಗ್ಲಿ ಅಂತಾನೇ ನೀನು ಪೆನ್ಸಿಲಲ್ಲಿ ಹಾಕಿದ್ದೆ, ಅಲ್ವಾ?" ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಮೂವತ್ತೊಂದು ವರ್ಷದಲ್ಲಿ ಇವತ್ತೊಂದು ಸುಳ್ಳು ಹೇಳಿದೆ. ಇನ್ಮುಂದೆ ಪೆನ್ನಲ್ಲಿ ಬರಿ."

ವಿಚಾರಣೆ ಹದಿನಾಲ್ಕು ತಿಂಗಳು ಎಳೆಯಿತು. ಹಣ ಬರುವಷ್ಟರಲ್ಲಿ ನೆಲಮಹಡಿಯ ಮನೆ ಬೇರೆಯವರ ಪಾಲಾಗಿತ್ತು. ಬೀಳ್ಕೊಡುಗೆಯೂ ಆಗಲಿಲ್ಲ. ಕೊನೆಯ ದಿನ ಅವರು ಬೀರುವಿನ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ, ಲಾಂಡ್ರಿಗೆ ಫೋನ್ ಮಾಡುವವನೂ ನಾನೇ. ಭಾನುವಾರ ಅವರ ಮನೆಗೆ ಹೋಗಿ ಯಜಮಾನರನ್ನು ಭುಜ ಹಿಡಿದು ಮೂರು ಮಹಡಿ ಇಳಿಸುತ್ತೇನೆ. ಒಂದೊಂದು ಮೆಟ್ಟಿಲಿಗೂ ಅವರು ಹಲ್ಲು ಕಚ್ಚುವುದು ನನಗೆ ಕೇಳಿಸುತ್ತದೆ. ಪಟ್ಟಿಯ ಮೇಲಿನ ಗುರುತು ನನ್ನದು ಎಂದು ಅವರಿಗೆ ಅಕ್ಕ ಹೇಳಿಲ್ಲ. ನನಗೂ ಹೇಳಲಾಗಿಲ್ಲ.

ಈ ಬರಹದ ಒಂದು ಪ್ರತಿ ಯಜಮಾನರಿಗೆ, ಇನ್ನೊಂದು ನಿರ್ದೇಶಕರಿಗೆ. ಎರಡನ್ನೂ ಪೆನ್ನಿನಲ್ಲೇ ಬರೆದಿದ್ದೇನೆ.