ಮೊದಲು ತಾನೇ ಬೀಳುವ ಪಟ್ಟು

ರೋಣ–ಗಜೇಂದ್ರಗಡ ದಾರಿಯ ಪ್ರಯಾಣಿಕರೆಲ್ಲ ಕಂಡಕ್ಟರ್ ಚಿನ್ನುವನ್ನು ಬಲ್ಲರು. ಎದೆಯ ಬಿಲ್ಲೆಯ ಮೇಲೆ ಬೇರೊಂದು ಉದ್ದ ಹೆಸರಿದೆ. ಅದನ್ನು ಓದುವ ಪುರುಸೊತ್ತು ಯಾರಿಗೂ ಇಲ್ಲ. ರಾಜೂರ ದಾಟಿದ ಮೇಲೆ ಬಸ್ಸು ಎಷ್ಟೇ ಕುಲುಕಾಡಲಿ, ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿಯುತ್ತಾಳೆ. ಹನ್ನೊಂದು ವರ್ಷದ ರೂಢಿ. ಊರವರು ಮಾತ್ರ ಆ ನಿಲುವು ಅಪ್ಪನಿಂದ ಬಂದದ್ದು ಎನ್ನುತ್ತಾರೆ.

ಅಪ್ಪ ದ್ಯಾಮಪ್ಪ ಗಜೇಂದ್ರಗಡದ ಹಳೆಯ ಪೈಲ್ವಾನ. ಇಪ್ಪತ್ತು ವರ್ಷ ಕುಸ್ತಿ ಆಡಿದರೂ ಒಮ್ಮೆಯೂ ಬೆನ್ನಿಗೆ ಮಣ್ಣು ಹತ್ತಿಸಿಕೊಂಡವನಲ್ಲ. ಇದನ್ನು ಅವನೇ ದಿನಕ್ಕೆರಡು ಸಲ ಹೇಳುತ್ತಿದ್ದುದರಿಂದ ಮರೆಯುವ ಅವಕಾಶ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅರವತ್ತಕ್ಕೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಡವಾಯಿತೋ, ರಕ್ತದಲ್ಲಿನ ಸಕ್ಕರೆ ಸರ್ರನೆ ಇಳಿದುಬಿಡುತ್ತದೆ. ಮೈಯೆಲ್ಲ ಬೆವರು, ಹೆಂಡತಿ ಯಾರು, ಮಗಳು ಯಾರು, ಗುರುತು ಹತ್ತುವುದಿಲ್ಲ. ಕೈಗಳಿಗೆ ಮಾತ್ರ ಕುಸ್ತಿ ನೆನಪಿರುತ್ತದೆ. ಹೋದ ವರ್ಷ ಹೆಂಡತಿ ಕಳಕವ್ವ ಬೆಲ್ಲ ತಿನ್ನಿಸಲು ಹೋಗಿ ಅವನ ಕೈ ಹಿಡಿದಳು. ಅವನು ತಿರುವಿ ಎಸೆದ. ಅವಳ ಮಣಿಕಟ್ಟು ಮುರಿಯಿತು. ಮುಂದಿನ ಸಲ ಚಿನ್ನು ಎದುರಿನಿಂದ ತಬ್ಬಿ ಹಿಡಿದಳು. ಅವಳನ್ನು ಸೊಂಟದ ಮೇಲಿಂದ ಎತ್ತಿ ಜೋಳದ ಚೀಲಗಳ ಆಚೆ ಒಗೆದ. ಕೊನೆಗೆ ತಾನೇ ಕುಸಿದುಬಿದ್ದ ಮೇಲೆ ದವಾಖಾನೆಗೆ ಒಯ್ದು ಉಳಿಸಿಕೊಂಡರು.

"ಇನ್ನೊಮ್ಮೆ ಹಿಂಗ ತಡಾ ಆದ್ರ ಜೀವಕ್ಕ ಖಾತ್ರಿ ಇಲ್ಲರಿ," ಎಂದರು ಡಾಕ್ಟರು. "ಎಚ್ಚರ ಇದ್ದಾಗ ಲಗೂನ ಸಿಹಿ ಹೊಟ್ಟಿಗೆ ಹೋಗಬೇಕು."

ನೆರೆಮನೆಯ ತೋಟಪ್ಪ ಒಂದು ಹಗ್ಗ ತಂದುಕೊಟ್ಟ. "ಹಿಡಿಯಾಕ ಆಗಲಿಲ್ಲಂದ್ರ ಕಟ್ಟಿಬಿಡ್ರಿ."

"ಎತ್ತಿಗೆ ಕಟ್ಟಿದಂಗ ಅವರನ್ನ ಕಟ್ಟಲೇನು?" ಎಂದು ಕಳಕವ್ವ ಅತ್ತಳು. ದ್ಯಾಮಪ್ಪ ಹೆಂಡತಿಯ ಕೈಯ ಪಟ್ಟಿ ಸವರುತ್ತ ತಲೆ ತಗ್ಗಿಸಿ, "ಕಟ್ರಿ ನನ್ನ," ಎಂದ. ಹಗ್ಗ ಗೂಟಕ್ಕೆ ಏರಿತು. ಅದನ್ನು ಎಂದೂ ಕೆಳಗಿಳಿಸಬಾರದು ಎಂದು ಚಿನ್ನು ಅಂದೇ ನಿಶ್ಚಯಿಸಿದಳು.

ರೋಣದಲ್ಲಿ ಅಯಾಜ ಎಂಬವನು ಹಳೆಯ ಹತ್ತಿ ಗೋದಾಮಿನಲ್ಲಿ ಪ್ರತಿ ಭಾನುವಾರ ಸಂಜೆ ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಸುತ್ತಿದ್ದ. ಗುದ್ದಾಟವಿಲ್ಲ, ಒದೆತವಿಲ್ಲ. ಕಂಕುಳಲ್ಲಿ ಕೈ ತೂರಿಸಿ ಎದುರಾಳಿಯ ಮೈಗೆ ಅಂಟಿಕೊಳ್ಳಬೇಕು, ಅದು ಕ್ಲಿಂಚ್. ಅಲ್ಲಿಂದ ನೆಲಕ್ಕೆ ತಂದರೆ ಟೇಕ್‌ಡೌನ್. ಕುಸ್ತಿ ಮುಗಿಯುವಲ್ಲಿ ಇವರ ಆಟ ಶುರು. "ಬಿದ್ದ ಮ್ಯಾಲ ಆಡೂದು ಎಂಥಾ ಆಟನೋ!" ಎಂದು ದ್ಯಾಮಪ್ಪ ಮೂಗು ಮುರಿದಿದ್ದ.

ಚಿನ್ನು ಅಲ್ಲಿಗೆ ಹೋಗಿ ಅಯಾಜನಿಗೆ ಎಲ್ಲ ಹೇಳಿದಳು. "ಅಪ್ಪಗ ಪೆಟ್ಟಾಗಬಾರದು ಸರ್. ಐದು ನಿಮಿಷ ಸುಮ್ಮನ ಸಿಗಬೇಕು, ಅಷ್ಟ."

ಅಯಾಜ ಅವಳ ಅಪ್ಪನ ಕುಸ್ತಿಯ ಪಟ್ಟುಗಳನ್ನೆಲ್ಲ ಕೇಳಿ ತಿಳಿದುಕೊಂಡ. "ಅವರ ಕೈಗೆ ಎಲ್ಲಾ ಪಟ್ಟಿಗೂ ಉತ್ತರ ಗೊತ್ತೈತಿ. ಆದ್ರ ಕುಸ್ತ್ಯಾಗ ಬೇಕಂತ ತಾನ ಮೊದಲ ಯಾರರ ಬೀಳ್ತಾರೇನ್ರಿ? ನೀವು ಬೀಳ್ರಿ."

ಹಿಂದಿನಿಂದ ಸೊಂಟ ಬಳಸಿ, ಕೈ ಹೆಣೆದು, ತಾನೇ ಮೊದಲು ಕುಕ್ಕರಿಸಿ, ಎದುರಾಳಿಯನ್ನು ತನ್ನ ಮೇಲೆ ಇಳಿಸಿಕೊಳ್ಳುವ ಪಟ್ಟು ಅದು. ನಾಲ್ಕು ತಿಂಗಳು, ಅಲ್ಲೇ ಕಲಿಯುತ್ತಿದ್ದ, ಅಪ್ಪನಷ್ಟೇ ತೊಂಬತ್ತು ಕಿಲೋ ತೂಗುವ ಸಿದ್ದರಾಮೇಶನನ್ನು ಮೇಲೆ ಬೀಳಿಸಿಕೊಂಡು ಬೀಳಿಸಿಕೊಂಡು ಅವಳ ಬೆನ್ನು ಹಣ್ಣಾಯಿತು. ಸೋಮವಾರ ಬಸ್ಸಿನಲ್ಲಿ ಸೀಟಿಗೆ ಒರಗಿದರೆ ಕಣ್ಣಲ್ಲಿ ನೀರು.

ಅವಳ ವಾರದ ರಜೆಯ ಒಂದು ಮಂಗಳವಾರ ಬೆಳಿಗ್ಗೆ, ದ್ಯಾಮಪ್ಪ ಇನ್ಸುಲಿನ್ ಚುಚ್ಚಿಕೊಂಡು ತಾಟಿನ ಮುಂದೆ ಕೂತಿದ್ದ. ಅಷ್ಟರಲ್ಲಿ ಶಿರೋಳದಿಂದ ಹಳೆಯ ಜೋಡಿ ಪೈಲ್ವಾನ ಶಿವನಪ್ಪ ಬಂದ. ಇನ್ನು ಕೇಳಬೇಕೆ! ದ್ಯಾಮಪ್ಪ ತಾಟು ಬಿಟ್ಟು ಅವನ ಪಕ್ಕ ಹೋಗಿ ಕೂತ, ಬೆನ್ನಿಗೆ ಮಣ್ಣು ಹತ್ತದ ಕಥೆ ಮೊದಲಿನಿಂದ ಶುರುವಾಯಿತು. ಕಳಕವ್ವ ಮೂರು ಸಲ ಕೂಗಿದಳು. "ತಡೀ, ಬಂದೆ," ಎಂದು ಅವನೂ ಮೂರು ಸಲ ಅಂದ. ರೊಟ್ಟಿ ಆರಿತು.

ಕಥೆ ನಡುವೆಯೇ ನಿಂತಿತು. ದ್ಯಾಮಪ್ಪ ಎದ್ದ. ಹಣೆ ತುಂಬ ಬೆವರು. ಶಿವನಪ್ಪನ ಅಂಗಿ ಹಿಡಿದು ಗೋಡೆಗೆ ನೂಕಿದ. ತತ್ತರಿಸಿದ ಶಿವನಪ್ಪನ ಕಣ್ಣಿಗೆ ಗೂಟದ ಹಗ್ಗ ಬಿತ್ತು. ಅತ್ತ ಕೈ ಚಾಚಿದ.

"ಹಗ್ಗ ಮುಟ್ಟಬ್ಯಾಡ್ರಿ ಕಾಕಾ!" ಎಂದು ಚಿನ್ನು ಹಿತ್ತಲಿನಿಂದ ಓಡಿಬಂದಳು.

ಅಪ್ಪ ಅವಳತ್ತ ತಿರುಗಿ ಕೈ ಬೀಸಿದ. ಅವಳು ಬಗ್ಗಿ ಅವನ ತೋಳಿನ ಕೆಳಗೆ ತೂರಿ, ಪಕ್ಕೆಲುಬಿಗೆ ಕಿವಿ ಒತ್ತಿ, ಅವನ ಬೆನ್ನ ಹಿಂದಕ್ಕೆ ಸರಿದು ಸೊಂಟ ಬಳಸಿದಳು. ಅವನ ಬೆರಳುಗಳು ಅವಳ ಕೈ ಬಿಡಿಸಲು ಹುಡುಕಿದವು. ಅವಳನ್ನು ಮುಂದಕ್ಕೆ ಒಗೆಯಲು ಸೊಂಟ ಬಗ್ಗಿಸಿದ. ಚಿನ್ನು ಅಂಟಿಕೊಂಡೇ ಇದ್ದಳು. ಅವನು ಮತ್ತೆ ನೆಟ್ಟಗಾದ ಕ್ಷಣ ತಾನೇ ಕೆಳಗೆ ಕೂತುಬಿಟ್ಟಳು. ಅವನ ಕೈಗಳು ಗಾಳಿಯಲ್ಲಿ ಏನೋ ತಡಕಾಡಿದವು. ಇದಕ್ಕೆ ಅವುಗಳ ಬಳಿ ಉತ್ತರವಿರಲಿಲ್ಲ. ತೊಂಬತ್ತು ಕಿಲೋದ ಅಪ್ಪ ನಿಧಾನಕ್ಕೆ ಅವಳ ಎದೆಯ ಮೇಲೆ ಇಳಿದ.

"ಅವ್ವಾ, ಬೆಲ್ಲ!"

ಕಳಕವ್ವ ಬೆಲ್ಲದ ಪುಡಿಯನ್ನು ಅವನ ದವಡೆಯ ಒಳಗೆ ಒತ್ತಿದಳು. ಒಮ್ಮೆ ಬೆರಳು ಕಚ್ಚಿಸಿಕೊಂಡು, ಬೈದು, ಮತ್ತೆ ಒತ್ತಿದಳು. ಅವನು ಒದ್ದಾಡಿದ. ಚಿನ್ನು ಅವನ ತೊಡೆಗಳಿಗೆ ಕಾಲು ಸುತ್ತಿ, ಉಸಿರು ಸಿಕ್ಕಷ್ಟು ಎಳೆದುಕೊಂಡು, ಹಿಡಿದೇ ಹಿಡಿದಳು. ಹತ್ತು ನಿಮಿಷವಾಗಿರಬೇಕು. ಬಿಗಿದ ಮೈ ಸಡಿಲವಾಯಿತು.

"ಕಳಕವ್ವಾ," ಎಂದ ದ್ಯಾಮಪ್ಪ. "ಯಾಕ ಅಳಾಕತ್ತೀ?"

ಹೆಂಡತಿಯ ಹೆಸರು ಅವನ ಬಾಯಿಂದ ಬಂದದ್ದೇ ಚಿನ್ನುವಿಗೆ ಹೋದ ಜೀವ ಬಂದಂತಾಯಿತು. ಗೆದ್ದೆ ಎನ್ನಿಸಲಿಲ್ಲ, ಅಪ್ಪ ಸಿಕ್ಕ ಎನ್ನಿಸಿತು. ಕಣ್ಣೀರು ಕಿವಿಯೊಳಗೆ ಇಳಿಯಿತು, ಒರೆಸಲು ಕೈ ಖಾಲಿ ಇರಲಿಲ್ಲ.

ದ್ಯಾಮಪ್ಪ ಮೇಲಿನ ತೊಲೆ ನೋಡಿದ. ನಿಂತಿದ್ದ ಶಿವನಪ್ಪನನ್ನು ನೋಡಿದ. ಮುಖ ಇಳಿದುಹೋಯಿತು.

"ಚಿನ್ನೂ, ನನ್ನ ಬೆನ್ನ ನೆಲಕ್ಕ ಹತ್ತಿತೇನ?"

"ಇಲ್ಲಪ್ಪಾ. ನೆಲಕ್ಕ ಹತ್ತಿದ್ದು ನನ್ನ ಬೆನ್ನ. ನೀ ನನ್ನ ಮ್ಯಾಲ ಅದೀ."

ಶಿವನಪ್ಪ ಬಗ್ಗಿ, ಅಖಾಡದ ಪಂಚನ ಹಾಗೆ ತಲೆ ಓರೆ ಮಾಡಿ ಪರೀಕ್ಷಿಸಿದ. "ಖರೇ ಐತಿ ದ್ಯಾಮಣ್ಣ. ನಿನ್ನ ಬೆನ್ನ ಹತ್ತಿಲ್ಲ. ಹುಡುಗೀನ ಚಿತ್ ಆಗ್ಯಾಳ."

ಕಳಕವ್ವ ಅಳುತ್ತಲೇ ನಕ್ಕಳು. ದ್ಯಾಮಪ್ಪ ತನ್ನ ಹೊಟ್ಟೆಯ ಮೇಲೆ ಹೆಣೆದುಕೊಂಡಿದ್ದ ಮಗಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಚಿತ್ ಆದಾಕಿ ಇನ್ನೂ ಕೈ ಬಿಡವಲ್ಲಳಲ್ಲೋ ಶಿವನಪ್ಪಾ."

"ಬಿಡಂಗಿಲ್ಲ," ಎಂದಳು ಚಿನ್ನು ಅವನ ಬೆನ್ನ ಹಿಂದಿನಿಂದ. "ಮೊದಲ ರೊಟ್ಟಿ ತಿಂತೀನಿ ಅನ್ನು."