ಗೌಂಡಿಯ ಗೆರೆ

ಮಣಿಪಾಲದಲ್ಲಿ ನಾನು ರೇಡಿಯೇಷನ್ ಯಂತ್ರ ನಡೆಸುತ್ತಿದ್ದ ಕಾಲದಲ್ಲಿ, ಆದಿ ಉಡುಪಿಯಲ್ಲಿ ಗೋಡೆ ಕಟ್ಟುತ್ತಿದ್ದ ಬಾಗಲಕೋಟೆ ಕಡೆಯ ಗೌಂಡಿಯೊಬ್ಬ ಬರುತ್ತಿದ್ದ. ತೊಡೆಯ ಮಾಂಸದಲ್ಲಿ ಕ್ಯಾನ್ಸರ್ ಗಡ್ಡೆ. ಮಾತ್ರೆ, ರೇಡಿಯೇಷನ್ ಎರಡನ್ನೂ ಒಟ್ಟಿಗೆ ಕೊಟ್ಟು ಗಡ್ಡೆ ಕುಗ್ಗಿದರೆ ಅದನ್ನಷ್ಟೇ ತೆಗೆಯಬಹುದು, ಇಲ್ಲವಾದರೆ ಕಾಲನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು.

ಯಂತ್ರದ ಬೆಳಕು ಎಲ್ಲಿ ಬೀಳಬೇಕೆಂದು ತೊಡೆಯ ಮೇಲೆ ನಾನು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಅಳಿಸಬಾರದೆಂದು ಹೇಳಿದ್ದಕ್ಕೆ ಅವನು ಆ ತೊಡೆಗೆ ನೀರನ್ನೇ ಸೋಕಿಸಲಿಲ್ಲ. ದಿನವೂ ಮಾತ್ರೆ ನುಂಗಿ ಬಂದು ಮೇಜಿನ ಮೇಲೆ ಮಲಗಿ, ಗೋಡೆಯ ನೇರ ನೋಡುವ ತನ್ನ ಕಸುಬಿನ ಮಾತಿನಲ್ಲಿ, "ದಾರ ಹಿಡೀರಿ ಸರ," ಎನ್ನುತ್ತಿದ್ದ. ಆಮೇಲೆ ಅಲುಗಾಡುತ್ತಿರಲಿಲ್ಲ.

ನಾಲ್ಕನೇ ವಾರ ಒಂದು ದಿನ ತಲೆಯೆತ್ತಿ ನೋಡಿದ.

"ಬೆಳಕು ಗೆರಿ ಮ್ಯಾಲ ಕುಂತಿಲ್ರೀ ಸರ. ಒಂದು ನೂಲು ಸರದೈತಿ." ನೂಲು ಎಂದರೆ ಗೌಂಡಿಗಳ ಅಳತೆಯಲ್ಲಿ ಅಂಗುಲದ ಎಂಟನೇ ಒಂದು ಪಾಲು.

"ಎಲ್ಲ ಸರಿ ಉಂಟು ಮಾರಾಯ, ನೀನು ಮಲಗು," ಎಂದು ರೇಗಿದೆ. ಆದರೂ ಟೇಪು ಹಿಡಿದು ಅಳೆದೆ. ಅವನ ಕಣ್ಣೇ ಸರಿಯಾಗಿತ್ತು, ತೊಡೆ ಸಣ್ಣದಾಗಿತ್ತು.

"ಗಡ್ಡೆ ಕುಗ್ಗಿದೆ," ಎಂದೆ.

ಅವನು ನಗಲಿಲ್ಲ. "ಹಂಗಾದ್ರ ಮತ್ತ ದಾರ ಹಿಡೀರಿ," ಎಂದ. ಹೊಸ ಗೆರೆ ಎಳೆದೆ.

ರೇಡಿಯೇಷನ್ ಮುಗಿದ ದಿನ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಗೆರೆ ಒರೆಸಲು ಹೋದಾಗ ನನ್ನ ಕೈ ಹಿಡಿದ. "ಗ್ವಾಡಿ ಮುಗಿಯೂತನಕ ದಾರ ಬಿಚ್ಚಂಗಿಲ್ರೀ. ಆಪರೇಷನ್ ಇನ್ನೂ ಐತಲ್ಲ."

ಐದು ವಾರ ಕಳೆದು, ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್‌ಗೆ ಬಂದವನನ್ನು ನೋಡಲು ವಾರ್ಡಿಗೆ ಹೋದೆ. ನನ್ನ ಶಾಯಿ ಎಂದೋ ಮಾಸಿಹೋಗಿತ್ತು. ಅದೇ ಜಾಗದಲ್ಲಿ ಬಾಲ್‌ಪೆನ್ನಿನ ನೀಲಿ ಗೆರೆಗಳಿದ್ದವು. ದಿನವೂ ಅವನೇ ತಿದ್ದಿಕೊಂಡಿದ್ದ. ಫೈಲಿನಲ್ಲಿದ್ದ ಅಳತೆ ನೋಡಿ ಟೇಪು ಹಿಡಿದೆ. ಒಂದು ನೂಲೂ ತಪ್ಪಿರಲಿಲ್ಲ.