ಸಪ್ಪಲಮ್ಮ ನಡೆಸಿದ ಗ್ರಾಫಿಕ್ಸ್ ಕಾರ್ಡ್ ವಿಚಾರಣೆ

ಸುದ್ದಗುಂಟೆಪಾಳ್ಯದ ಹಳೇ ಊರಲ್ಲಿ ಒಂದು ಗಲ್ಲಿ ಇದೆ. ಎದುರಿಂದ ಒಂದು ಸ್ಕೂಟರ್ ಬಂದರೆ ಇತ್ತಲಿನದು ರಿವರ್ಸ್ ಹೋಗಬೇಕು. ಆ ಗಲ್ಲಿಯ ಕೊನೆಗೆ ಸಪ್ಪಲಮ್ಮನ ಗೇಮಿಂಗ್ ಅಂಗಡಿ. ಶೀಟಿನ ಮಾಡು, ಐದು ಕಂಪ್ಯೂಟರು, ಐದು ಕುರ್ಚಿ, ಗೋಡೆ ಮೇಲೆ ಬುದ್ಧ ಮತ್ತು ಬಾಬಾಸಾಹೇಬರು.

ಸಪ್ಪಲಮ್ಮನಿಗೆ ಅರವತ್ತೆರಡು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ ಮೂವತ್ತೊಂದು ವರ್ಷ ಕಸ ಗುಡಿಸಿದವಳು. ಅದರಲ್ಲಿ ಹದಿನೆಂಟು ವರ್ಷ ಪೌರಕಾರ್ಮಿಕರ ಸಂಘದ ಮುಂದಾಳು. ಆಟದ ಕಂಪ್ಯೂಟರು ಅವಳ ಕೈಗೆ ಬಂದಿದ್ದು ತೀರಾ ಸಾದಾ ರೀತಿಯಲ್ಲಿ. ಗಂಡ ಸತ್ತ ಮೇಲೆ ಅವನ ಸೈಕಲ್ ಶಾಪಿನ ಶೆಡ್ಡನ್ನು ಬಾಡಿಗೆಗೆ ಕೊಟ್ಟಿದ್ದಳು. ಬಾಡಿಗೆಗೆ ಬಂದವನು ಗೇಮಿಂಗ್ ಅಂಗಡಿ ಹಾಕಿ ಎರಡು ವರ್ಷ ನಡೆಸಿದ. ಮದುವೆಯಾಗಿ ಹೆಂಡತಿಯ ಊರಿಗೆ ಹೊರಟಾಗ, "ಆಂಟಿ, ಇವನ್ನ ಹೊತ್ಕೊಂಡು ಹೋಗಕ್ಕಾಗಲ್ಲ, ನೀವೇ ನೋಡ್ಕೊಳ್ಳಿ" ಅಂತ ಬೀಗದಕೈ ಕೊಟ್ಟು ಹೋದ. ಬೇರೆ ಯಾರಾದರೂ ಆಗಿದ್ದರೆ ಗುಜರಿಗೆ ತೂಕಕ್ಕೆ ಹಾಕುತ್ತಿದ್ದರು. ಸಪ್ಪಲಮ್ಮ ಸಭೆ ಕರೆದಳು.

ಸಭೆಯಿಲ್ಲದೆ ಅವಳ ಕೈಕಾಲು ಆಡುವುದಿಲ್ಲ. ಮನೆಗೆ ಮಿಕ್ಸಿ ತರಬೇಕಾದರೂ ಅಷ್ಟೇ. ನಾಲ್ಕು ಜನ ಕೂರಬೇಕು, ಒಬ್ಬರು ಪರ, ಒಬ್ಬರು ವಿರೋಧ ಮಾತಾಡಬೇಕು, ಕೈ ಎತ್ತಬೇಕು, ಪುಸ್ತಕದಲ್ಲಿ ಬರೆಯಬೇಕು. ಅವತ್ತಿನ ಸಭೆಯಲ್ಲಿ ಮೂರು ನಿಯಮ ಪಾಸಾದವು. ಅಂಗಡಿಯೊಳಗೆ ಯಾರೂ ಯಾರ ಜಾತಿಯನ್ನೂ ಕೇಳಬಾರದು. ರಾತ್ರಿ ಎಂಟು ಗಂಟೆಗೆ ಬಾಗಿಲು ಮುಚ್ಚಬೇಕು. ಆಡುವಾಗ ಒಬ್ಬರ ಅವ್ವ, ಅಕ್ಕನ ಮೇಲೆ ಬೈಗುಳ ಹೋಗಬಾರದು. ಈ ಕೊನೇದಕ್ಕೆ ಹುಡುಗರು ಕಂಗಾಲಾದರು. ಬೈಯದೆ ಗುಂಡು ಹೊಡೆಯೋದು ಹೆಂಗೆ?

"ಕಂಟ್ರಾಕ್ಟರ್ ಅನ್ರೋ. ಅದಕ್ಕಿಂತ ಕೆಟ್ಟ ಮಾತು ನಂಗೆ ಗೊತ್ತಿಲ್ಲ," ಅಂದಳು ಸಪ್ಪಲಮ್ಮ.

ಅವತ್ತಿನಿಂದ ಆ ಶೆಡ್ಡಿನಿಂದ "ಲೇ, ಮೆಟ್ಲ ಹಿಂದೆ ಇಬ್ರು ಕಂಟ್ರಾಕ್ಟರ್ ಅವ್ರೆ, ಹೊಡಿ, ಹೊಡಿ!" ಅನ್ನೋ ಕೂಗು ಕೇಳಿಬರುತ್ತದೆ. ದಾರಿಯಲ್ಲಿ ಹೋಗುವ ನಿಜವಾದ ಕಂಟ್ರಾಕ್ಟರುಗಳು ಹೆಜ್ಜೆ ಜೋರು ಮಾಡುತ್ತಾರೆ.

ಹೋದ ತಿಂಗಳು ಐದನೇ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಯಿತು. ಪರದೆ ಮೇಲೆ ಆಟದ ಚಿತ್ರ ಬಿಡಿಸುವುದು ಅದರ ಕೆಲಸ. ಅದಿಲ್ಲದಿದ್ದರೆ ಕಂಪ್ಯೂಟರಲ್ಲಿ ಕಾಗದ ಬರೆಯಬಹುದು, ಯುದ್ಧ ಮಾಡಲಿಕ್ಕಾಗದು. ಆಟಕ್ಕೆ ಐದು ಜನರ ಟೀಮು ಬೇಕು. ನಾಲ್ಕು ಕುರ್ಚಿಯಲ್ಲಿ ಟೀಮು ಕೂರುವುದಿಲ್ಲ. ಅತ್ತ ಬಿಟಿಎಂ ಮೇನ್ ರೋಡಿನಲ್ಲಿ ಎಸಿ ಹಾಕಿ, ನೇರಳೆ ಲೈಟು ಬಿಟ್ಟು ಹೊಸದೊಂದು ಗೇಮಿಂಗ್ ಲೌಂಜ್ ಶುರುವಾಗಿತ್ತು. ಅಂಗಡಿಯ ಖಾಯಂ ಟೀಮಿನ ನಾಯಕ ಭೀಮೇಶ, ಊಟದ ಪಾರ್ಸಲ್ ಹಂಚುವವನು, ಇದೇ ಗಲ್ಲಿಯವನು, ನೇರವಾಗಿ ಹೇಳಿಬಿಟ್ಟ:

"ಆಂಟಿ, ಈ ಭಾನುವಾರ ಐದನೇದು ಎದ್ದಿಲ್ಲ ಅಂದ್ರೆ ನಾವು ಆ ಕಡೆ ಹೋಗ್ತೀವಿ. ಬೇಜಾರ್ ಮಾಡ್ಕೋಬೇಡಿ."

ಆ ಟೀಮು ಹೋದರೆ ಉಳಿದವರೂ ಹೋಗುತ್ತಾರೆ. ಉಳಿದವರು ಹೋದರೆ ಶೆಡ್ಡು ಮುಚ್ಚಬೇಕು. ಗುಜರಿಯವನು ಆಗಲೇ ದಿನಕ್ಕೆರಡು ಸಲ ಬಾಗಿಲಲ್ಲಿ ಇಣುಕಿ "ಅಮ್ಮ, ಸೌಖ್ಯನಾ?" ಅಂತ ಕೇಳತೊಡಗಿದ್ದ.

ಎಸ್.ಪಿ. ರೋಡಿನ ಗುರುಬಸಪ್ಪ ಅನ್ನೋ ಕಂಪ್ಯೂಟರ್ ಅಂಗಡಿಯವನು ಪರಿಚಯದ ಮೇಲೆ ಎರಡು ಕಾರ್ಡು ಕೊಟ್ಟ. ಒಂದು ಹಸಿರು ಡಬ್ಬ, ಒಂದು ಕೆಂಪು ಡಬ್ಬ. ಹಸಿರಿಗೆ ಏಳು ಸಾವಿರ ಜಾಸ್ತಿ. "ಭಾನುವಾರ ನಮ್ಗೆ ರಜಾ. ನಾಲ್ಕು ಗಂಟೆಗೆ ನಾನೇ ಬರ್ತೀನಿ. ಒಂದು ಇಟ್ಕೊಳ್ಳಿ, ಒಂದು ವಾಪಸ್ ಕೊಡಿ. ಆಮೇಲೆ ಅದು ಬೇಡ ಇದು ಬೇಡ ಅನ್ನಂಗಿಲ್ಲ," ಅಂದಿದ್ದ.

ಟೀಮು ಎರಡು ಹೋಳಾಯಿತು. ಭೀಮೇಶ ಹಸಿರು. ಮೌನೇಶ ಕೆಂಪು. ಮೌನೇಶ ಯಾದಗಿರಿ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡು ಆಫೀಸಿಗೆ ಹೋಗುವವನು.

"ಹಸ್ರು ಸಖತ್ ಗುರು. ಡಬ್ಬದ ಮೇಲೇ ಬರ್ದವ್ರೆ, ನೂರ ಮೂವತ್ತು ಫ್ರೇಮು."

"ಡಬ್ಬದ ಮ್ಯಾಲ ಏನ್ ಬೇಕಾರ ಬರೀತಾರಲೇ. ರೊಕ್ಕಕ್ಕ ತಕ್ಕ ಕೆಲಸ ಮಾಡೂದು ಕೆಂಪು."

ಫ್ರೇಮು ಅಂದರೆ ಒಂದು ಸೆಕೆಂಡಿಗೆ ಕಾರ್ಡು ಬಿಡಿಸುವ ಚಿತ್ರಗಳ ಸಂಖ್ಯೆ. ಜಾಸ್ತಿ ಇದ್ದಷ್ಟು ಆಟ ನುಣ್ಣಗೆ ಓಡುತ್ತದೆ. ಸಪ್ಪಲಮ್ಮ ಇಬ್ಬರನ್ನೂ ಸುಮ್ಮನಿರಿಸಿದಳು. ಕಾಗದದ ಮೇಲೆ ಬರೆದಿದ್ದನ್ನು ಅವಳು ಯಾವತ್ತೂ ನಂಬಿದವಳಲ್ಲ. ಕಾಗದದ ಪ್ರಕಾರ ಅವಳಿಗೆ ಮೂವತ್ತೊಂದು ವರ್ಷವೂ ಗ್ಲೌಸ್ ಕೊಟ್ಟಿದ್ದರು.

"ಭಾನುವಾರ ಬೆಳಗ್ಗೆ ಹತ್ತಕ್ಕೆ ಬಹಿರಂಗ ವಿಚಾರಣೆ. ಎರಡಕ್ಕೂ ಒಂದೇ ಕೆಲಸ, ಒಂದೇ ಹೊತ್ತು. ಯಾವುದು ದುಡಿಯುತ್ತೋ ಅದು ಇರ್ತದೆ."

ವಿಚಾರಣೆ ಪಕ್ಷಪಾತವಿಲ್ಲದೆ ನಡೆಯಬೇಕಲ್ಲ? ಭೀಮೇಶ, ಮೌನೇಶ ಇಬ್ಬರೂ ಯಂತ್ರ ಮುಟ್ಟಕೂಡದು. ಯಾವ ಹೊತ್ತಲ್ಲಿ ಯಾವ ಕಾರ್ಡು ಒಳಗಿದೆ ಅನ್ನುವುದೂ ಯಾರಿಗೂ ಗೊತ್ತಾಗಕೂಡದು. ಅದಕ್ಕೆ ಕಂಪ್ಯೂಟರಿನ ಮೇಲೆ ಸಂಘದ ಹಳೇ ನೀಲಿ ಬ್ಯಾನರ್ ಹೊದಿಸಿದರು. ಒಳಗೆ ಕೈ ಹಾಕುವ ಕೆಲಸ ಉಗ್ರಪ್ಪನಿಗೆ ಬಿತ್ತು. ಉಗ್ರಪ್ಪ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ರಿಟೈರ್ ಆದವನು, ಕಂಪ್ಯೂಟರ್ ಆಟವೆಂದರೆ ಉಗಿಯುವವನು. ಅವನಿಗಿಂತ ತಟಸ್ಥ ಮನುಷ್ಯ ಆ ಗಲ್ಲಿಯಲ್ಲಿ ಇರಲಿಲ್ಲ. ಕಾರ್ಡು ಒತ್ತುವುದು, ಸ್ಕ್ರೂ ಬಿಗಿಯುವುದು, ಕರೆಂಟ್ ವೈರು ಕೊಡುವುದು, ಎಲ್ಲವನ್ನೂ ಹುಡುಗರು ಶನಿವಾರವೇ ಹೇಳಿಕೊಟ್ಟರು. ಎರಡೂ ಕಾರ್ಡಿಗೆ ಬೇಕಾದ ಸಾಫ್ಟ್‌ವೇರೂ ಹಾಕಿಟ್ಟರು.

ಆಡುವವರೂ ತಟಸ್ಥರೇ ಬೇಕು. ಸಪ್ಪಲಮ್ಮನ ಜೊತೆ ಗುಡಿಸುತ್ತಿದ್ದ ಜಯಶೀಲಾಳನ್ನು ಕೂರಿಸಿದರು. ಗುಂಡು ಹೊಡೆಯಬೇಕಾಗಿಲ್ಲ, ಆಟದೊಳಗಿನ ಊರಿನ ಒಂದು ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದರೆ ಸಾಕು. ಪರದೆಯ ಮೂಲೆಯಲ್ಲಿ ಬರುವ ಸಂಖ್ಯೆಯನ್ನು ಜೋರಾಗಿ ಓದಬೇಕು.

ಹತ್ತೂಕಾಲಿಗೆ ಉಗ್ರಪ್ಪ ಬ್ಯಾನರಿನೊಳಗೆ ತಲೆ ತೂರಿಸಿ ಮೊದಲನೇ ಕಾರ್ಡು ಕೂರಿಸಿದ. ಜಯಶೀಲಾ ನಡೆಯತೊಡಗಿದಳು.

"ಅಯ್ಯೋ, ಎಷ್ಟು ಕಸ ಬಿದ್ದದೆ ಈ ಬೀದೀಲಿ! ಯಾವ ವಾರ್ಡು ಇದು?"

"ನಂಬರ್ ಓದೇ ಮಾರಾಯ್ತಿ," ಅಂದಳು ಸಪ್ಪಲಮ್ಮ.

"ಹದಿನೇಳು."

ಭೀಮೇಶ ಮೌನೇಶ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೂರು ದಾಟಬೇಕಾದ ಕಡೆ ಹದಿನೇಳು. ಪರದೆ ಮೇಲೆ ಊರು ಜೋಲಿ ಹೊಡೆದುಕೊಂಡು ಸಾಗುತ್ತಿತ್ತು. ಇಬ್ಬರಿಗೂ ಒಳಗೊಳಗೇ ಖುಷಿ. ಇದು ಅವನ ಕಾರ್ಡೇ ಇರಬೇಕು ಅಂತ ಇವನು, ಇವನದೇ ಅಂತ ಅವನು. ಒಂದು ಗಂಟೆ ಜಯಶೀಲಾ ಅದೇ ಬೀದಿಯಲ್ಲಿ ಓಡಾಡಿ ಎಂಟು ಕಡೆ ತೊಟ್ಟಿ ಇಡಬೇಕು ಅಂತ ತೀರ್ಮಾನಿಸಿದಳು.

ಎರಡನೇ ಕಾರ್ಡು ಹಾಕಿದರು. ಅದೇ ಬೀದಿ, ಒಂದು ಗಂಟೆ ಅದೇ ನಡಿಗೆ.

"ಹದಿನೇಳು," ಅಂದಳು ಜಯಶೀಲಾ.

ಹುಡುಗರು ಎದ್ದುನಿಂತರು. ಆಟದ ಹೊಸ ಅಪ್‌ಡೇಟ್ ಸರಿಯಿಲ್ಲ ಅಂತ ಭೀಮೇಶ. ಹಳೇ ಪ್ರೊಸೆಸರಿಗೆ ದಮ್ಮಿಲ್ಲ ಅಂತ ಮೌನೇಶ. ಸುತ್ತ ನಿಂತವರಿಗೆ ಮಾತ್ರ ಆನಂದವೋ ಆನಂದ. ಉಗ್ರಪ್ಪ ಕೈ ಒರೆಸಿಕೊಂಡು ಪುಸ್ತಕ ತೆಗೆದ.

"ಹಸಿರೂ ಒಂದೇ, ಕೆಂಪೂ ಒಂದೇ. ಮೇಲು ಕೀಳು ಅನ್ನೋದೆಲ್ಲ ಡಬ್ಬ ಮಾರೋರು ಹುಟ್ಟಿಸಿದ್ದು. ಎರಡೂ ಸಮಾನ ಅಂತ ಬರೀತಿದೀನಿ. ಒಪ್ಪೋರು ಕೈ ಎತ್ರಿ."

ಒಂಬತ್ತು ಕೈ ಮೇಲೆದ್ದವು. ಹತ್ತನೆಯದು ಏಳಲಿಲ್ಲ. ಅದು ಸಪ್ಪಲಮ್ಮನದು.

ಸಮಾನತೆಗೆ ಅವಳದೇನೂ ತಕರಾರಿಲ್ಲ. ಅದಕ್ಕಾಗಿ ಲಾಠಿ ಏಟು ತಿಂದವಳೇ. ಆದರೆ ಎರಡು ಸಲವೂ ಹದಿನೇಳೇ ಬಂದದ್ದನ್ನು ಅವಳು ಒಪ್ಪಲಿಲ್ಲ.

"ಉಗ್ರಪ್ಪಣ್ಣ, ಒಂದ್ ನಿಮಿಷ. ನಾಲ್ಕನೇ ಬ್ಲಾಕಲ್ಲಿ ಗುಡಿಸೋರ ಎರಡು ಗ್ಯಾಂಗ್ ಅಂತ ಇತ್ತು. ಒಬ್ಬ ಕಂಟ್ರಾಕ್ಟರ್ ಎರಡು ಕಡೆ ಹಾಜರಿ ಪುಸ್ತಕದಲ್ಲೂ ಆರು ತಿಂಗಳು ದಿನಾ ನಲವತ್ತೊಂದು ಜನ, ನಲವತ್ತೊಂದು ಜನ ಅಂತ ಬರ್ದಿದ್ದ. ಒಬ್ಬರಿಗೆ ಜ್ವರ ಇಲ್ಲ, ಒಂದು ಬಾಣಂತನ ಇಲ್ಲ, ಒಂದು ಸಾವಿಲ್ಲ. ಹೋಗಿ ನೋಡಿದ್ರೆ ಎರಡು ಗ್ಯಾಂಗೂ ಇರಲೇ ಇಲ್ಲ. ದುಡಿಯೋರ ಲೆಕ್ಕ ಹಿಂಗೆ ಅಚ್ಚು ಹೊಡೆದಂಗೆ ಬರಲ್ಲ. ಬಂತು ಅಂದ್ರೆ ಇಬ್ಬರೂ ಕೆಲಸಕ್ಕೆ ಬಂದಿಲ್ಲ ಅಂತ."

"ಕಾರ್ಡ್ ನಾನೇ ಹಾಕಿದೀನಲ್ಲಮ್ಮ!"

"ಹಾಕಿದೀಯ. ದುಡಿದದ್ದು ಯಾರು ಅಂತ ನಾನು ಕೇಳ್ತಿರೋದು."

ಅವಳು ಬ್ಯಾನರಿನೊಳಗೆ ಕೈ ತೂರಿಸಿ ಕಾರ್ಡನ್ನು ಮುಟ್ಟಿದಳು. ಒಂದು ಗಂಟೆ ಬೀದಿ, ಕಸ, ಮನೆ, ಮರ ಬಿಡಿಸಿರಬೇಕಾದ ಕಾರ್ಡು ಮಡಕೆಯೊಳಗಿನ ನೀರಿನಷ್ಟು ತಣ್ಣಗಿತ್ತು. ಅದರ ಫ್ಯಾನು ತಿರುಗಿರಲೇ ಇಲ್ಲ.

"ನೋಡ್ರೋ, ಇದರ ಮೈ ಬೆವರಿಲ್ಲ!"

ಬ್ಯಾನರು ಕಿತ್ತು ಬಿಸಾಕಿದರು. ಮೌನೇಶ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. ಪರದೆಯ ವೈರು ಕಾರ್ಡಿಗೆ ಸೇರಿರಲೇ ಇಲ್ಲ. ಮೇಲೆ ಮದರ್‌ಬೋರ್ಡಿನ, ಅಂದರೆ ಕಂಪ್ಯೂಟರಿನ ಮೂಲ ಹಲಗೆಯ, ತೂತಿನಲ್ಲೇ ಕೂತಿತ್ತು.

"ಯಣ್ಣಾ, ಈ ವೈರ್ ಇಲ್ಲ್ಯಾಕ ಹಾಕಿದ್ರೀ?"

"ಇದ್ದದ್ದೇ ಅಲ್ಲಿ ಕಣಯ್ಯ. ಇದ್ದ ವೈರನ್ನ ಇದ್ದ ಜಾಗದಿಂದ ಕದಲಿಸಿದ್ರೆ ನೀವಿಬ್ರೂ ಪಕ್ಷಪಾತ ಅಂತೀರಲ್ಲ!"

ಕಾರ್ಡು ಸುಟ್ಟ ದಿನ ಭೀಮೇಶನೇ ಆ ವೈರನ್ನು ಅಲ್ಲಿಗೆ ಬದಲಾಯಿಸಿದ್ದ. ಮದರ್‌ಬೋರ್ಡಿನ ಕಡೆಯಿಂದ ಪರದೆಗೆ ಚಿತ್ರ ಕಳಿಸುವ ಸಣ್ಣದೊಂದು ಚಿಪ್ ಒಳಗಿರುತ್ತದೆ, ಕಾಗದಪತ್ರದ ಕೆಲಸಕ್ಕೆ ಸಾಲುವಂಥದು. ಆ ಬಡಪಾಯಿಯೇ ಬೆಳಗಿನಿಂದ ಜಯಶೀಲಾಳ ಬೀದಿಯನ್ನು ಬಿಡಿಸಿತ್ತು.

"ಖಾಯಂ ನೌಕರರು ಮಲಗಿದ್ರು, ಗುತ್ತಿಗೆಯವನು ಗುಡಿಸಿದ. ನಾನೇನು ಕಂಡಿಲ್ಲದ್ದಾ," ಅಂದಳು ಸಪ್ಪಲಮ್ಮ.

ಉಗ್ರಪ್ಪ ಅಷ್ಟಕ್ಕೆ ಬಗ್ಗಲಿಲ್ಲ. ಒಂಬತ್ತು ಕೈ ಎತ್ತಿದ ತೀರ್ಮಾನವನ್ನು ಒಂದು ವೈರಿಗಾಗಿ ಅಳಿಸಲಾಗದು ಅಂದ. ಸರಿ, ಎರಡನೇ ಸಭೆ ಕರೆದು, ಮೊದಲ ಸಭೆಯ ತೀರ್ಮಾನವನ್ನು ವಾಪಸ್ ತೆಗೆದುಕೊಳ್ಳುವ ತೀರ್ಮಾನ ಮಾಡಿ, ಅದಕ್ಕೂ ಕೈ ಎತ್ತಿದರು. ಅಷ್ಟರಲ್ಲಿ ಎರಡು ಗಂಟೆ ಆಗಿತ್ತು.

ವೈರು ಬದಲಾಯಿತು. ಈ ಸಲ ಬ್ಯಾನರ್ ಹೊದಿಸಲಿಲ್ಲ. ಹಸಿರು ನೂರ ಮೂವತ್ತನಾಲ್ಕು. ಕೆಂಪು ನೂರ ಇಪ್ಪತ್ತೊಂದು. ಎರಡರ ಮೈಯೂ ಹೆಂಚಿನ ಹಾಗೆ ಕಾದಿತ್ತು. ಜಯಶೀಲಾ ನಡೆದ ಬೀದಿ ಬೆಣ್ಣೆಯಂತೆ ಸಾಗಿತು, ಕಸ ಇನ್ನೂ ಚೆನ್ನಾಗಿ ಕಾಣಿಸಿತು. ಭೀಮೇಶ ಮೌನೇಶನ ಬೆನ್ನಿಗೆ ಗುದ್ದಿದ.

"ನೋಡ್ದಾ ಮಗಾ? ಹದಿಮೂರು ಮುಂದೆ!"

"ತಡಿ," ಅಂದಳು ಸಪ್ಪಲಮ್ಮ. "ಇವು ಬಿಡ್ಸಿದ್ದನ್ನೆಲ್ಲ ಈ ಪರದೆ ತೋರ್ಸುತ್ತಾ?"

ಮೌನೇಶ, "ಇದು ಹಳೇ ಪರದೆ ರೀ ಅಮ್ಮಾರ. ಸೆಕೆಂಡಿಗೆ ಅರವತ್ತ ತೋರಸ್ತದ," ಅಂದ.

"ಅಂದ್ರೆ ಅರವತ್ತು ಮೂಟೆ ಇಳಿಸೋ ಜಾಗಕ್ಕೆ ಒಬ್ಬ ನೂರ ಇಪ್ಪತ್ತು ತರ್ತಾನೆ, ಇನ್ನೊಬ್ಬ ನೂರ ಮೂವತ್ತು. ಉಳಿದದ್ದೆಲ್ಲ ಮೋರಿಗೆ."

"ಆಂಟಿ, ಮುಂದಿನ ವರ್ಷ ಹೊಸ ಸ್ಕ್ರೀನ್ ತಂದ್ರೆ?"

"ತಂದಾಗ ಕೂತು ಮಾತಾಡಣ. ಬರದೇ ಇರೋ ಸ್ಕ್ರೀನಿಗೆ ಇವತ್ತೇ ಏಳು ಸಾವಿರ ನಾನ್ಯಾಕೆ ಸುರೀಲಿ?"

ಕೈ ಎತ್ತಿಸಿದರು. ಹಸಿರಿಗೆ ನಾಲ್ಕು, ಕೆಂಪಿಗೆ ನಾಲ್ಕು. ಉಗ್ರಪ್ಪ ತಟಸ್ಥ. ಸಪ್ಪಲಮ್ಮ ಕೆಂಪಿಗೆ ಕೈ ಎತ್ತಿದಳು. ನಾಲ್ಕಕ್ಕೆ ಸರಿಯಾಗಿ ಬಂದ ಗುರುಬಸಪ್ಪ ಹಸಿರು ಡಬ್ಬ ಎತ್ತಿಕೊಂಡು ಹೊರಟ. ಅವನ ಹಿಂದೆಯೇ ಭೀಮೇಶನೂ ಹೊರನಡೆದ.

ಲೌಂಜಿಗೆ ಹೋದನೇನೋ ಅಂತ ಸಪ್ಪಲಮ್ಮ ಬಾಗಿಲಿಗೆ ಓಡಿದಳು. ಇಣುಕಿದರೆ, ಅಂಗಡಿ ಎದುರಿನ ಮೋರಿ ಚಪ್ಪಡಿ ಮೇಲೆ ಕಾಲು ಮಡಚಿ ಕೂತಿದ್ದಾನೆ. ರಟ್ಟಿನ ತುಂಡಿನ ಮೇಲೆ ಪೆನ್ನಲ್ಲಿ "ಹಸಿರಿಗೆ ನ್ಯಾಯ ಬೇಕು" ಅಂತ ಬರೆದು ಎದೆಗೆ ಆನಿಸಿಕೊಂಡು ಮೊಬೈಲ್ ನೋಡುತ್ತಿದ್ದಾನೆ. ಒಳಗೆ ಟೀಮಿನ ನಾಲ್ವರು. ಐದನೇ ಕುರ್ಚಿ ಖಾಲಿ.

ಅವಳಿಗೆ ಸಿಟ್ಟು ಬಂದದ್ದು ಧರಣಿಗಲ್ಲ, ಧರಣಿ ಕೂತ ರೀತಿಗೆ.

"ಏನೋ ಇದು? ಮೊದ್ಲು ಆ ಮೊಬೈಲ್ ಜೇಬಿಗಾಕು. ಯಾರಾದ್ರೂ ಫೋಟೋ ಹಿಡಿದಾಗ ನೀನು ಹಲ್ಲು ಕಿರೀತಿರ್ತೀಯ. ಬಿಸಿಲಿಗೆ ಬೆನ್ನು ಕೊಡು. ಎಲ್ಲಿ, ಬೇಡಿಕೆ ಎಷ್ಟು?"

"ಒಂದೇ ಆಂಟಿ. ಹಸ್ರು ಕಾರ್ಡು."

"ಒಂದೇ ಬೇಡಿಕೆ ಇಟ್ಕೊಂಡು ಯಾವ ದಡ್ಡ ಕೂರ್ತಾನೋ? ನಾನು ಇಲ್ಲ ಅಂದ್ರೆ ನೀನು ಇಲ್ಲೇ ಕೊಳೀಬೇಕು. ಐದು ಬರಿ. ನಾಲ್ಕು ಬಿಟ್ಕೊಡಕ್ಕೆ, ಒಂದು ಗೆಲ್ಲಕ್ಕೆ."

ಭೀಮೇಶ ತಲೆ ಕೆರೆದುಕೊಂಡ. ಇಬ್ಬರೂ ಸೇರಿ ಬರೆದರು. ಹಸಿರು ಕಾರ್ಡು, ಒಂದು ಫ್ಯಾನು, ಎಂಟೂವರೆ ತನಕ ತೆರೆದ ಬಾಗಿಲು, ಭಾನುವಾರ ಟೀ, ಮೂರನೇ ಕುರ್ಚಿಯ ಕಿತ್ತುಹೋದ ಚಕ್ರದ ರಿಪೇರಿ. ನಾಲ್ಕನೆಯದು ಅವನದು, ಐದನೆಯದು ಅವಳೇ ಸೂಚಿಸಿದ್ದು. ಆಮೇಲೆ ಸಪ್ಪಲಮ್ಮ ಒಳಗೆ ಹೋಗಿ ಆಡಳಿತ ಮಂಡಳಿಯಾಗಿ ಹೊರಗೆ ಬಂದಳು. ಹತ್ತು ನಿಮಿಷ ಮಾತುಕತೆ ನಡೆಯಿತು. ಕಾರ್ಡು ಆಗಲ್ಲ. ಫ್ಯಾನು ಪರಿಶೀಲಿಸಲಾಗುವುದು. ಎಂಟೂವರೆ ಸಾಧ್ಯವೇ ಇಲ್ಲ. ಟೀ ಕೇಳಲೇಬೇಡ.

"ಚಕ್ರ?"

"ಚಕ್ರ ಇವತ್ತೇ."

"ಬಾಯ್ಮಾತಲ್ಲಿ ಬೇಡ. ಬರ್ದು ಕೊಡಿ ಆಂಟಿ."

ಈಗ ಅವಳಿಗೆ ಸಮಾಧಾನವಾಯಿತು. ಬರೆದು ಸಹಿ ಹಾಕಿದಳು. ಭೀಮೇಶ ಎದ್ದು ಅಂಡಿನ ಧೂಳು ಕೊಡವಿಕೊಂಡು ಒಳಗೆ ಬಂದ, ಮೂರನೇ ಕುರ್ಚಿಯೇ ಬೇಕು ಅಂತ ಹಠ ಮಾಡಿ ಕೂತ. ಮೌನೇಶ ಐದನೆಯದಕ್ಕೆ ಜರುಗಿದ. ಆಟ ಶುರುವಾಯಿತು.

ಸಪ್ಪಲಮ್ಮ ಗಂಡನ ಹಳೇ ಸ್ಪ್ಯಾನರ್ ಹಿಡಿದು ನೆಲದ ಮೇಲೆ ಮಲಗಿ ಕುರ್ಚಿಯ ಅಡಿಗೆ ತೂರಿದಳು. ಮೇಲೆ ಭೀಮೇಶ ಗುಂಡು ತಪ್ಪಿಸಿಕೊಳ್ಳಲು ಎಡಕ್ಕೂ ಬಲಕ್ಕೂ ವಾಲುತ್ತಿದ್ದ.

"ಅಲ್ಲಾಡ್ಬೇಡ್ವೋ, ನಟ್ಟು ಹಿಡೀತಿಲ್ಲ!"

"ಅಲ್ಲಾಡ್ದಿದ್ರೆ ಸಾಯ್ತೀನಿ ಆಂಟಿ!"

"ಸಾಯಿ. ಒಂದೇ ನಿಮಿಷ."